ಸೋತ ಹೃದಯಕ್ಕೆ ನರದ ನೆರವು: ಒಂದು ಚಾರಿತ್ರಿಕ ನೋಟ

ಕಾಂತೀಯ ಅಭಿವಾಹದ ಏಕಮಾನ ‘ವೆಬರ್’ ಎಂಬುದನ್ನು ನೀವು ಓದಿರುತ್ತೀರಿ. ಅಧ್ಯಾಪಕರಾಗಿದ್ದರೆ ಎಷ್ಟೋ ಸಲ ಪಾಠ ಮಾಡಿರುತ್ತೀರಿ. ಜರ್ಮನಿಯ ಭೌತವಿಜ್ಞಾನಿ ವಿಲ್‌ಹೆಲ್ಮ್ ವೆಬರ್ ಅವರ ನೆನಪಿಗೆ ಇಟ್ಟ ಹೆಸರು ಅದು. ಆದರೆ ಅವರಿಗೆ ಇಬ್ಬರು ಸೋದರರಿದ್ದರೆಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ. ಅಣ್ಣ ಅರ್ನ್ಸ್ಟ್ ಹೈನ್ರಿಖ್ ಮತ್ತು ತಮ್ಮ ಎಡ್ವರ್ಡ್ ಇಬ್ಬರೂ ಶರೀರವಿಜ್ಞಾನಿಗಳು. 1845ರಲ್ಲಿ ಮೂವರೂ ಲೈಪ್ಸಿಗ್ ನಗರದಲ್ಲಿದ್ದರು. ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದು ಆಗ ಹದಿನಾಲ್ಕು ವರ್ಷ ಕಳೆದಿತ್ತಷ್ಟೆ. ಅದೇ ತತ್ತ್ವದ ಮೇಲೆ ತಿರುಗುವ ಒಂದು ಯಂತ್ರದಿಂದ ವಿದ್ಯುತ್ ಪಡೆದು, ಅಣ್ಣತಮ್ಮಂದಿರಿಬ್ಬರು ಕಪ್ಪೆಯ ವೇಗಸ್ ನರವನ್ನು ಉದ್ದೀಪಿಸಿದರು. ನರಕ್ಕೆ ವಿದ್ಯುತ್ ತಾಗಿಸಿದರೆ ಸ್ನಾಯು ಸಂಕುಚಿಸುತ್ತದೆ ಎಂಬುದು ಗ್ಯಾಲ್ವಾನಿಯ ಕಾಲದಿಂದ ತಿಳಿದ ಮಾತು. ಇಲ್ಲಿ ಆದದ್ದು ತದ್ವಿರುದ್ಧ: ಹೃದಯ ಬಡಿಯುವುದನ್ನೇ ನಿಲ್ಲಿಸಿತು! ವಿದ್ಯುತ್ ನಿಲ್ಲಿಸಿದ ಮೇಲೆ ಮತ್ತೆ ಬಡಿಯತೊಡಗಿತು.

ನರವೊಂದು ಅಂಗವನ್ನು ಕೆಲಸಕ್ಕೆ ಹಚ್ಚುವಂತೆಯೇ ಅದನ್ನು ತಡೆಯಲೂ ಬಲ್ಲದು ಎಂಬುದು ಅಂದಿನ ವಿಜ್ಞಾನಿಗಳಿಗೆ ಅನಿರೀಕ್ಷಿತ ಸಂಗತಿ. ಆ ಕಪ್ಪೆಯ ಹೃದಯದಿಂದ ಹೊರಟ ದಾರಿ ಇಂದು ತೀವ್ರ ಹೃದಯ ವೈಫಲ್ಯದ ರೋಗಿಯ ಕುತ್ತಿಗೆಯಲ್ಲಿ ಅಳವಡಿಸುವ ವಿದ್ಯುದ್ವಾರದವರೆಗೆ ಬಂದಿದೆ. ಈ ದಾರಿ ನೇರವಾಗಿಲ್ಲ. ಭರವಸೆ, ಭ್ರಮನಿರಸನ, ಮತ್ತೆ ಭರವಸೆ ಎಂದು ಸಾಗಿದ ಈ ಕಥೆಯಲ್ಲಿ ವಿಜ್ಞಾನದ ವಿದ್ಯಾರ್ಥಿಗೆ ಬೇಕಾದ ಪಾಠಗಳು ಸಾಕಷ್ಟಿವೆ. ಬನ್ನಿ, ಅದನ್ನು ನೋಡೋಣ.

ಲಗಾಮು ಮತ್ತು ಚಾಟಿ

ಹೃದಯಕ್ಕೆ ಎರಡು ಬಗೆಯ ನರಗಳ ನಿಯಂತ್ರಣವಿದೆ. ಮಿದುಳಿನ ಬುಡದಿಂದ ಹೊರಟು ಕುತ್ತಿಗೆ, ಎದೆ, ಹೊಟ್ಟೆಗಳಲ್ಲೆಲ್ಲ ಅಲೆದಾಡುವ ವೇಗಸ್ ನರ ಹೃದಯದ ವೇಗವನ್ನು ತಗ್ಗಿಸುತ್ತದೆ. ಲ್ಯಾಟಿನ್ನಿನಲ್ಲಿ ವೇಗಸ್ ಎಂದರೆ ಅಲೆಮಾರಿ. ನಮ್ಮ ‘ವೇಗ’ಕ್ಕೂ ಅದಕ್ಕೂ ಸಂಬಂಧವಿಲ್ಲ. ಇದು ಪರಾನುವೇದನಾ ನರವ್ಯೂಹದ ಮುಖ್ಯ ತಂತು. ಇದಕ್ಕೆ ಎದುರಾಗಿ ಬೆನ್ನುಹುರಿಯಿಂದ ಬರುವ ಸಿಂಪಥೆಟಿಕ್ ಅಥವಾ ಅನುವೇದನಾ ನರಗಳು ಹೃದಯದ ವೇಗವನ್ನೂ ಸಂಕೋಚನದ ಬಲವನ್ನೂ ಹೆಚ್ಚಿಸುತ್ತವೆ; ರಕ್ತನಾಳಗಳನ್ನು ಬಿಗಿಯುತ್ತವೆ. ಒಂದು ಲಗಾಮು, ಇನ್ನೊಂದು ಚಾಟಿ.

ಈ ಎರಡನ್ನೂ ಹದವಾಗಿಡಲು ಒತ್ತಡದ ಮಾಪನ ಬೇಕಲ್ಲವೆ? ಅದರ ಸುಳಿವು ಸಿಕ್ಕಿದ್ದೂ ಲೈಪ್ಸಿಗ್‌ನಲ್ಲೇ. 1866ರಲ್ಲಿ ಎಲೀ ಸಿಯೊನ್ ಮತ್ತು ಕಾರ್ಲ್ ಲುಡ್ವಿಗ್ ಮೊಲದ ಕುತ್ತಿಗೆಯಲ್ಲಿ ಒಂದು ಸಣ್ಣ ನರವನ್ನು ಗುರುತಿಸಿದರು. ಅದನ್ನು ಕತ್ತರಿಸಿ, ಮಿದುಳಿನ ಕಡೆಗಿರುವ ತುದಿಯನ್ನು ಉದ್ದೀಪಿಸಿದರೆ ರಕ್ತದೊತ್ತಡ ಇಳಿಯುತ್ತಿತ್ತು. ಅಂದರೆ ಈ ನರ ಆಜ್ಞೆಯನ್ನು ಒಯ್ಯುವುದಲ್ಲ, ವರದಿಯನ್ನು ಒಯ್ಯುವುದು. 1920ರ ದಶಕದಲ್ಲಿ ಹೆರಿಂಗ್ ಎಂಬ ವಿಜ್ಞಾನಿ ಕುತ್ತಿಗೆಯ ಕೆರೋಟಿಡ್ ಅಪಧಮನಿ ಕವಲೊಡೆಯುವಲ್ಲಿಯೂ ಇಂಥದೇ ಒತ್ತಡಗ್ರಾಹಕಗಳಿವೆಯೆಂದು ತೋರಿಸಿದರು. ಅಪಧಮನಿಯ ಗೋಡೆ ಹಿಗ್ಗಿದಷ್ಟೂ ಈ ಗ್ರಾಹಕಗಳು ಹೆಚ್ಚು ನರಸ್ಪಂದಗಳನ್ನು ಕಳಿಸುತ್ತವೆ; ಮಿದುಳು ಚಾಟಿಯನ್ನು ಸಡಿಲಿಸಿ ಲಗಾಮನ್ನು ಬಿಗಿಯುತ್ತದೆ; ಒತ್ತಡ ಇಳಿಯುತ್ತದೆ. ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟ್ ಮಾಡುವುದೂ ಇದನ್ನೇ. ಉಸಿರಾಟದ ನಿಯಂತ್ರಣದಲ್ಲಿ ಈ ಅಪಧಮನಿ ತಾಣಗಳ ಪಾತ್ರವೇನೆಂಬ ಸಂಶೋಧನೆಗೆ ಬೆಲ್ಜಿಯಮ್ಮಿನ ಕಾರ್ನೀಲ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಬಂದಿತು.

ನರದ ತುದಿಯಲ್ಲಿ ನಡೆಯುವುದೇನು? 1921ರಲ್ಲಿ ಆಟೊ ಲೋವಿ ಎರಡು ಕಪ್ಪೆಗಳ ಹೃದಯಗಳನ್ನು ಬಳಸಿ ಇದನ್ನು ಬಿಡಿಸಿದರು. ಮೊದಲ ಹೃದಯದ ವೇಗಸ್ಸನ್ನು ಉದ್ದೀಪಿಸಿ, ಅದರೊಳಗಿದ್ದ ದ್ರವವನ್ನು ಎರಡನೆಯದಕ್ಕೆ ಕೊಟ್ಟಾಗ ಅದೂ ನಿಧಾನವಾಯಿತು. ನರ ತನ್ನ ತುದಿಯಲ್ಲಿ ರಾಸಾಯನಿಕವೊಂದನ್ನು ಸುರಿಸುತ್ತದೆ ಎಂಬುದಕ್ಕೆ ಇದು ಪುರಾವೆ. ಆ ರಾಸಾಯನಿಕ ಅಸಿಟೈಲ್‌ಕೋಲಿನ್. ಅನುವೇದನಾ ನರಗಳು ಸುರಿಸುವುದು ನಾರ್‌ಅಡ್ರಿನಲಿನ್ ಎಂಬುದನ್ನು 1946ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ತೋರಿಸಿದರು.

ಇಲ್ಲಿ ಭಾರತೀಯರೊಬ್ಬರನ್ನು ನೆನೆಯಲೇಬೇಕು. ಅವತಾರ್ ಸಿಂಗ್ ಪೈಂತಾಲ್ ವೇಗಸ್ ನರದ ಒಂದೊಂದೇ ತಂತುವನ್ನು ಬಿಡಿಸಿ ಅದರಲ್ಲಿ ಸಾಗುವ ಸ್ಪಂದಗಳನ್ನು ದಾಖಲಿಸುವುದರಲ್ಲಿ ನಿಷ್ಣಾತರು. 1950ರ ದಶಕದಲ್ಲಿ ಹೃತ್ಕರ್ಣ ಎಷ್ಟು ತುಂಬಿದೆ ಎಂಬುದನ್ನು ಮಿದುಳಿಗೆ ವರದಿ ಮಾಡುವ ಗ್ರಾಹಕಗಳನ್ನು ಅವರು ಗುರುತಿಸಿದರು. ಆಮೇಲೆ ಶ್ವಾಸಕೋಶದ ಲೋಮನಾಳಗಳ ಮಗ್ಗುಲಲ್ಲಿರುವ ‘ಜೆ ಗ್ರಾಹಕ’ಗಳನ್ನು ವಿವರಿಸಿದರು. ಶ್ವಾಸಕೋಶದಲ್ಲಿ ರಕ್ತ ಮಡುಗಟ್ಟಿ ನೀರು ಜಿನುಗತೊಡಗಿದರೆ ಇವು ಕೆರಳುತ್ತವೆ. ಹೃದಯ ವೈಫಲ್ಯದ ರೋಗಿಗೆ ಏದುಸಿರು ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ. ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ಬಹುಕಾಲ ದುಡಿದ ಅವರು 1981ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು.

ತಪ್ಪು ತಿಳಿದ ದೇಹ

ಆರೋಗ್ಯವಂತ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ನೂಕುತ್ತದೆ. ಅಪಧಮನಿಯ ಸರಾಸರಿ ಒತ್ತಡ ಸುಮಾರು 13 ಕಿಲೋಪಾಸ್ಕಲ್. ಒತ್ತಡವನ್ನು ಪ್ರವಾಹದ ದರದಿಂದ ಗುಣಿಸಿ ನೋಡಿ. ಎಡ ಹೃತ್ಕುಕ್ಷಿಯ ಸಾಮರ್ಥ್ಯ ಸುಮಾರು 1.1 ವ್ಯಾಟ್ ಎಂದು ಬರುತ್ತದೆ. ಒಂದು ಪುಟ್ಟ ಟಾರ್ಚ್ ಬಲ್ಬಿನಷ್ಟು! ಒಂದು ಬಡಿತದಲ್ಲಿ ಹೃತ್ಕುಕ್ಷಿ ತನ್ನಲ್ಲಿರುವ ರಕ್ತದ ಅರ್ಧಕ್ಕಿಂತ ಹೆಚ್ಚನ್ನು ಹೊರಹಾಕುತ್ತದೆ. ಈ ಪ್ರಮಾಣ ಶೇ. 40ಕ್ಕಿಂತ ಕೆಳಗಿಳಿದರೆ ಸಂಕೋಚನ ಶಕ್ತಿ ಕುಂದಿದ ಹೃದಯ ವೈಫಲ್ಯ ಎನ್ನುತ್ತಾರೆ. ಹೃದಯಾಘಾತದಲ್ಲಿ ಸ್ನಾಯುವಿನ ಒಂದು ಭಾಗ ಸತ್ತುಹೋದವರಲ್ಲಿ ಇದು ಸಾಮಾನ್ಯ.

ಹೃದಯ ಸೋತು ರಕ್ತದೊತ್ತಡ ಇಳಿಯಹೊರಟಾಗ ದೇಹ ಏನು ಮಾಡುತ್ತದೆ? ಗಾಯವಾಗಿ ರಕ್ತ ಸೋರಿದಾಗ ಏನು ಮಾಡುವುದೋ ಅದನ್ನೇ. ಸೋತ ಹೃದಯಕ್ಕೂ ರಕ್ತಸ್ರಾವಕ್ಕೂ ಇರುವ ವ್ಯತ್ಯಾಸ ಒತ್ತಡಗ್ರಾಹಕಗಳಿಗೆ ತಿಳಿಯದು. ಅನುವೇದನಾ ನರಗಳು ಚುರುಕಾಗುತ್ತವೆ, ರಕ್ತನಾಳಗಳು ಬಿಗಿಯುತ್ತವೆ, ಮೂತ್ರಪಿಂಡಗಳು ರೆನಿನ್ ಸುರಿಸಿ ಉಪ್ಪು ನೀರುಗಳನ್ನು ಹಿಡಿದಿಡುತ್ತವೆ. ಗಾಯಾಳುವನ್ನು ಉಳಿಸುವ ಈ ವ್ಯವಸ್ಥೆ ಹೃದ್ರೋಗಿಗೆ ಮುಳುವಾಗುತ್ತದೆ. ಬಿಗಿದ ನಾಳಗಳ ವಿರುದ್ಧ ನೂಕಬೇಕಾದ ಹೃದಯಕ್ಕೆ ಹೊರೆ ಹೆಚ್ಚುತ್ತದೆ; ತುಂಬಿ ಬರುವ ನೀರಿನಿಂದ ಅದು ಹಿಗ್ಗುತ್ತದೆ. ಲಾಪ್ಲಾಸನ ನಿಯಮವನ್ನು ನೆನಪಿಸಿಕೊಳ್ಳಿ: ಗೋಳದ ಒಳಒತ್ತಡ ಅಷ್ಟೇ ಇದ್ದರೂ ತ್ರಿಜ್ಯ ಹೆಚ್ಚಿದಂತೆ ಗೋಡೆಯ ಬಿಗಿತ ಹೆಚ್ಚುತ್ತದೆ. ಹಿಗ್ಗಿದ ಹೃದಯ ಅದೇ ಕೆಲಸಕ್ಕೆ ಹೆಚ್ಚು ಆಕ್ಸಿಜನ್ ಬೇಡುತ್ತದೆ, ಇನ್ನಷ್ಟು ಸೋಲುತ್ತದೆ, ದೇಹ ಇನ್ನಷ್ಟು ಚಾಟಿ ಬೀಸುತ್ತದೆ. ಬಳಲಿದ ಎತ್ತಿಗೆ ಬಾರುಕೋಲಿನ ಏಟು ಕೊಟ್ಟಂತೆ. ಕೆಲವು ಹೆಜ್ಜೆ ನಡೆದೀತು, ಆಮೇಲೆ ಕುಸಿಯುತ್ತದೆ.

ಈ ಚಿತ್ರ ಒಂದೇ ದಿನದಲ್ಲಿ ಮೂಡಿದ್ದಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಯೂಜೀನ್ ಬ್ರೌನ್‌ವಾಲ್ಡ್ ಮತ್ತು ಸಂಗಡಿಗರು ಇಂಥ ರೋಗಿಗಳ ದೇಹದಲ್ಲಿ ನಾರ್‌ಅಡ್ರಿನಲಿನ್ ಹೆಚ್ಚಿರುವುದನ್ನು, ಆದರೆ ಹೃದಯ ಸ್ನಾಯುವಿನೊಳಗಿನ ಅದರ ದಾಸ್ತಾನು ಬರಿದಾಗಿರುವುದನ್ನು ಕಂಡರು. 1984ರಲ್ಲಿ ಜೇ ಕೋನ್ ಅವರ ತಂಡ 106 ರೋಗಿಗಳನ್ನು ಪರೀಕ್ಷಿಸಿ, ರಕ್ತದಲ್ಲಿ ನಾರ್‌ಅಡ್ರಿನಲಿನ್ ಹೆಚ್ಚಿದ್ದವರು ಬೇಗ ಸಾಯುತ್ತಾರೆಂದು ವರದಿ ಮಾಡಿತು.

ಕತ್ತರಿಯ ಕಾಲ

ನರಕ್ಕೆ ಕೈಹಾಕುವ ಧೈರ್ಯವನ್ನು ಶಸ್ತ್ರವೈದ್ಯರು ಇದಕ್ಕೂ ಮುಂಚೆಯೇ ತೋರಿದ್ದರು. 1916ರಲ್ಲಿ ರುಮೇನಿಯದ ತೋಮ ಯೊನೆಸ್ಕು ಎದೆಸೆಳೆತದ ರೋಗಿಯೊಬ್ಬರ ಅನುವೇದನಾ ನರಗಂಟುಗಳನ್ನು ತೆಗೆದು ನೋವು ಶಮನ ಮಾಡಿದರು. ಮುಂದೆ ತೀವ್ರ ರಕ್ತದೊತ್ತಡಕ್ಕೆ ಸರಿಯಾದ ಔಷಧಿಯಿಲ್ಲದ ದಿನಗಳಲ್ಲಿ, ಬಾಸ್ಟನ್ನಿನ ರೆಜಿನಾಲ್ಡ್ ಸ್ಮಿತ್‌ವಿಕ್ ಹೊಟ್ಟೆಯ ಅಂಗಗಳಿಗೆ ಹೋಗುವ ಸ್ಪ್ಲಾಂಕ್ನಿಕ್ ನರಗಳನ್ನು ಕತ್ತರಿಸತೊಡಗಿದರು. 1953ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 1,266 ಶಸ್ತ್ರಕ್ರಿಯೆಗಳಿವೆ. ಐದು ವರ್ಷಗಳಲ್ಲಿ ಸತ್ತವರು ಶೇ. 19; ಶಸ್ತ್ರಕ್ರಿಯೆಯಿಲ್ಲದೆ ಚಿಕಿತ್ಸೆ ಪಡೆದವರಲ್ಲಿ ಶೇ. 54.

ಅಂಕಿಗಳು ಬೆರಗುಗೊಳಿಸುತ್ತವೆ. ಆದರೆ ಸ್ವಲ್ಪ ತಾಳಿ. ಯಾರಿಗೆ ಶಸ್ತ್ರಕ್ರಿಯೆ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಶಸ್ತ್ರಕ್ರಿಯೆ ತಾಳಬಲ್ಲವರೇ ಅದಕ್ಕೆ ಆಯ್ಕೆಯಾಗುವುದು ಸಹಜ. ಬದುಕಿದವರ ಪಾಡೂ ಸುಖವಾಗಿರಲಿಲ್ಲ. ಎದ್ದು ನಿಂತರೆ ಒತ್ತಡ ಕುಸಿದು ತಲೆಸುತ್ತು ಬರುತ್ತಿತ್ತು. ಒಳ್ಳೆಯ ಔಷಧಿಗಳು ಬಂದಂತೆ ಈ ಶಸ್ತ್ರಕ್ರಿಯೆ ಮೂಲೆ ಸೇರಿತು.

ನರವನ್ನು ಕತ್ತರಿಸದೆ, ಅದರ ಸಂದೇಶವನ್ನು ತಲುಪುವಲ್ಲೇ ತಡೆಯುವುದು ಇನ್ನೊಂದು ಉಪಾಯ. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಬೀಟಾ ಗ್ರಾಹಕಗಳನ್ನು ತಡೆಯುವ ಪ್ರೊಪ್ರನೊಲಾಲ್ ಔಷಧಿಯನ್ನು ರೂಪಿಸಿದರು. ಹೃದಯ ವೈಫಲ್ಯದಲ್ಲಿ ಮಾತ್ರ ಇದನ್ನು ಕೊಡಲೇಬಾರದು ಎಂದು ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಲಿಸಲಾಗುತ್ತಿತ್ತು. ಸೋತ ಹೃದಯವನ್ನು ಮತ್ತಷ್ಟು ಕುಗ್ಗಿಸುವುದೆ? ಈ ತರ್ಕವನ್ನು ಮೀರಿ 1975ರಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಏಳು ರೋಗಿಗಳಿಗೆ ಇಂಥ ಔಷಧಿಯನ್ನು ಎಚ್ಚರಿಕೆಯಿಂದ ಕೊಟ್ಟರು. ಅವರು ಚೇತರಿಸಿಕೊಂಡರು. ಹೆಚ್ಚಿನವರು ಇದನ್ನು ನಂಬಲಿಲ್ಲ. ನಂಬಿಕೆ ಬರಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. 1999ರಲ್ಲಿ ಪ್ರಕಟವಾದ ಯೂರೋಪಿನ ಪ್ರಯೋಗವೊಂದರಲ್ಲಿ 2,647 ರೋಗಿಗಳಿದ್ದರು. ಹುಸಿಮಾತ್ರೆ ಪಡೆದವರಲ್ಲಿ ಶೇ. 17.3 ಮಂದಿ ಸತ್ತರೆ ಬೀಟಾ ತಡೆಮದ್ದು ಪಡೆದವರಲ್ಲಿ ಶೇ. 11.8.

ಹಾಗಾದರೆ ಚಾಟಿಯನ್ನು ಪೂರ್ತಿ ಕಿತ್ತುಕೊಂಡರೆ ಇನ್ನೂ ಒಳ್ಳೆಯದಲ್ಲವೆ? ಅದನ್ನೂ ಪರೀಕ್ಷಿಸಲಾಯಿತು. ಮಿದುಳಿನಲ್ಲೇ ಅನುವೇದನಾ ಚಟುವಟಿಕೆಯನ್ನು ತಗ್ಗಿಸುವ ಮಾಕ್ಸೊನಿಡೀನ್ ಎಂಬ ಔಷಧಿಯ ಪ್ರಯೋಗವನ್ನು 1999ರಲ್ಲಿ ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಔಷಧಿ ಪಡೆದವರಲ್ಲೇ ಸಾವು ಹೆಚ್ಚಿತ್ತು. ಬಳಲಿದ ಹೃದಯಕ್ಕೂ ಸ್ವಲ್ಪ ಚಾಟಿ ಬೇಕು! ಎಷ್ಟು ಎಂಬುದೇ ಪ್ರಶ್ನೆ.

ಲಗಾಮನ್ನು ಬಿಗಿಯುವ ಯತ್ನ

ಚಾಟಿಯನ್ನು ಕಿತ್ತುಕೊಳ್ಳುವ ಬದಲು ಲಗಾಮನ್ನು ಹಿಡಿಯಬಹುದಲ್ಲ! 1991ರಲ್ಲಿ ಇಟಲಿಯ ಪೀಟರ್ ಶ್ವಾರ್ಟ್ಜ್ ಮತ್ತು ಸಂಗಡಿಗರು, ಹಿಂದೆ ಹೃದಯಾಘಾತವಾಗಿದ್ದ ನಾಯಿಗಳ ವೇಗಸ್ ನರವನ್ನು ಉದ್ದೀಪಿಸಿ, ಮಾರಕ ಹೃದಯಕಂಪನವನ್ನು ಬಹುಮಟ್ಟಿಗೆ ತಡೆಯಬಹುದೆಂದು ತೋರಿಸಿದರು. 2004ರಲ್ಲಿ ಜಪಾನಿನ ಸಂಶೋಧಕರು ಹೃದಯ ವೈಫಲ್ಯದ ಇಲಿಗಳಿಗೆ ಆರು ವಾರ ಇದೇ ಚಿಕಿತ್ಸೆ ಕೊಟ್ಟರು. 140 ದಿನಗಳಲ್ಲಿ ಚಿಕಿತ್ಸೆಯಿಲ್ಲದ ಇಲಿಗಳಲ್ಲಿ ಅರ್ಧ ಸತ್ತಿದ್ದವು. ಚಿಕಿತ್ಸೆ ಪಡೆದವುಗಳಲ್ಲಿ ಶೇ. 14 ಮಾತ್ರ.

ಮನುಷ್ಯರ ಸರದಿ ಬಂತು. ಪೇಸ್‌ಮೇಕರಿನಂಥ ಪುಟ್ಟ ಸಾಧನವನ್ನು ಎದೆಯ ಚರ್ಮದಡಿಯಲ್ಲಿಟ್ಟು, ಅಲ್ಲಿಂದ ತಂತಿಯೆಳೆದು ಕುತ್ತಿಗೆಯ ವೇಗಸ್ಸಿಗೆ ವಿದ್ಯುದ್ವಾರವನ್ನು ಸುತ್ತಲಾಯಿತು. 2011ರಲ್ಲಿ ಪ್ರಕಟವಾದ 32 ರೋಗಿಗಳ ಅಧ್ಯಯನದಲ್ಲಿ ಹೃದಯ ಹೊರಹಾಕುವ ರಕ್ತದ ಪ್ರಮಾಣ ಶೇ. 22ರಿಂದ 29ಕ್ಕೆ ಏರಿತು. 2014ರಲ್ಲಿ ಪ್ರಕಟವಾದ ‘ಆಂಥೆಮ್-ಎಚ್‌ಎಫ್’ ಅಧ್ಯಯನ ನಡೆದದ್ದು ಭಾರತದ ಆಸ್ಪತ್ರೆಗಳಲ್ಲಿ. ಅದರ 60 ರೋಗಿಗಳಲ್ಲೂ ಸುಧಾರಣೆ ಕಂಡಿತು. ಆದರೆ ಈ ಎರಡರಲ್ಲೂ ಹೋಲಿಕೆಗೆ ಚಿಕಿತ್ಸೆಯಿಲ್ಲದ ಗುಂಪು ಇರಲಿಲ್ಲ.

ಅಂಥ ಗುಂಪು ಇದ್ದಲ್ಲಿ ಏನಾಯಿತು? 2014ರ ‘ನೆಕ್ಟಾರ್-ಎಚ್‌ಎಫ್’ ಪ್ರಯೋಗದಲ್ಲಿ 96 ಮಂದಿಗೆ ಸಾಧನ ಅಳವಡಿಸಿ, ಕೆಲವರದನ್ನು ಚಾಲೂ ಮಾಡದೆ ಬಿಡಲಾಯಿತು. ಆರು ತಿಂಗಳ ಬಳಿಕ ಹೃದಯದ ಗಾತ್ರದಲ್ಲಿ ವ್ಯತ್ಯಾಸವಿರಲಿಲ್ಲ. 2016ರಲ್ಲಿ 707 ರೋಗಿಗಳ ‘ಇನೊವೇಟ್-ಎಚ್‌ಎಫ್’ ಪ್ರಯೋಗದ ಫಲಿತಾಂಶ ಬಂತು. ಸಾವು ಅಥವಾ ರೋಗ ಉಲ್ಬಣ ಕಂಡವರು ಸಾಧನವಿದ್ದವರಲ್ಲಿ ಶೇ. 30.3, ಇಲ್ಲದವರಲ್ಲಿ ಶೇ. 25.8. ಪ್ರಯೋಜನವಿಲ್ಲವೆಂದು ಪ್ರಯೋಗವನ್ನು ಮೊದಲೇ ನಿಲ್ಲಿಸಲಾಗಿತ್ತು. ರೋಗಿಗಳ ಲವಲವಿಕೆ ಮತ್ತು ನಡಿಗೆ ಸುಧಾರಿಸಿದ್ದೇನೋ ನಿಜ, ಆಯುಷ್ಯ ಹೆಚ್ಚಲಿಲ್ಲ.

ಇಲಿಗೆ ಒಗ್ಗಿದ್ದು ಮನುಷ್ಯನಿಗೆ ಏಕೆ ಒಗ್ಗಲಿಲ್ಲ? ಇಲ್ಲಿ ಭೌತವಿಜ್ಞಾನ ನೆರವಿಗೆ ಬರುತ್ತದೆ. ವೇಗಸ್ ಒಂದು ತಂತಿಯಲ್ಲ. ಸಾವಿರಾರು ತಂತುಗಳ ಕೇಬಲ್ಲು. ಅವುಗಳಲ್ಲಿ ಹೆಚ್ಚಿನವು ಮಿದುಳಿಗೆ ವರದಿ ಒಯ್ಯುವಂಥವು. ಹೃದಯಕ್ಕೆ ಆಜ್ಞೆ ತರುವವು ಕೆಲವು ಮಾತ್ರ. ಹೊರಗಿನಿಂದ ಹರಿಸಿದ ವಿದ್ಯುತ್ತಿಗೆ ದಪ್ಪ ತಂತುಗಳು ಮೊದಲು ಸ್ಪಂದಿಸುತ್ತವೆ, ಸಣ್ಣವು ಆಮೇಲೆ. ದುರದೃಷ್ಟಕ್ಕೆ, ಧ್ವನಿಪೆಟ್ಟಿಗೆಗೆ ಹೋಗುವ ತಂತುಗಳು ದಪ್ಪ. ಹೃದಯಕ್ಕೆ ಹೋಗುವವು ಸಣ್ಣವು. ವಿದ್ಯುತ್ ಹೆಚ್ಚಿಸುತ್ತ ಹೋದರೆ ಹೃದಯ ನಿಧಾನವಾಗುವ ಮೊದಲೇ ರೋಗಿಗೆ ಕೆಮ್ಮು ಬರುತ್ತದೆ, ಗಂಟಲು ನೋಯುತ್ತದೆ, ದನಿ ಒಡೆಯುತ್ತದೆ. ಹಾಗಾಗಿ ವೈದ್ಯರು ಅಲ್ಲಿಗೇ ನಿಲ್ಲಿಸಬೇಕಾಗುತ್ತದೆ. ನೆಕ್ಟಾರ್ ಪ್ರಯೋಗದಲ್ಲಿ ತಲುಪಿದ್ದು ಸರಾಸರಿ 1.4 ಮಿಲಿಆಂಪಿಯರ್ ಮಾತ್ರ. ಇನೊವೇಟ್‌ನಲ್ಲಿ ಸುಮಾರು 3.9. ಸ್ಪಂದಗಳ ಆವೃತ್ತಿಯೂ ಬೇರೆ ಬೇರೆ. ಮಾತ್ರೆಯನ್ನು ಮಿಲಿಗ್ರಾಮಿನಲ್ಲಿ ಅಳೆಯುತ್ತೇವೆ. ನರಕ್ಕೆ ಕೊಡುವ ‘ಪ್ರಮಾಣ’ವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಇತ್ಯರ್ಥವಾಗುವ ಮೊದಲೇ ದೊಡ್ಡ ಪ್ರಯೋಗಗಳು ನಡೆದುಹೋದವು.

ವರದಿಯನ್ನೇ ತಿದ್ದಿದರೆ?

ಮಿದುಳಿಗೆ ಹೋಗುವ ವರದಿಯನ್ನು ಬದಲಿಸುವುದು ಮತ್ತೊಂದು ಮಾರ್ಗ. ಕೆರೋಟಿಡ್ ಬಳಿಯ ನರವನ್ನು ವಿದ್ಯುತ್ತಿನಿಂದ ಉದ್ದೀಪಿಸಿ ಎದೆಸೆಳೆತವನ್ನು ಶಮನ ಮಾಡಬಹುದೆಂದು ಬ್ರೌನ್‌ವಾಲ್ಡ್ ತಂಡ 1967ರಷ್ಟು ಹಿಂದೆಯೇ ತೋರಿಸಿತ್ತು. ಅರ್ಧ ಶತಮಾನದ ನಂತರ ಅದೇ ವಿಚಾರ ಹೊಸ ರೂಪದಲ್ಲಿ ಬಂತು. ಕೆರೋಟಿಡ್ ಅಪಧಮನಿಯ ಹೊರಮೈಗೆ ಪುಟ್ಟ ವಿದ್ಯುದ್ವಾರವನ್ನು ಹೊಲಿದು, ‘ಒತ್ತಡ ಹೆಚ್ಚಿದೆ’ ಎಂಬ ಸುಳ್ಳು ವರದಿ ಕಳಿಸಲಾಗುತ್ತದೆ. ಮಿದುಳು ಚಾಟಿಯನ್ನು ಸಡಿಲಿಸುತ್ತದೆ, ಲಗಾಮನ್ನು ಬಿಗಿಯುತ್ತದೆ. ಆರು ತಿಂಗಳ ಬಳಿಕ ಈ ರೋಗಿಗಳು ಆರು ನಿಮಿಷದ ನಡಿಗೆಯಲ್ಲಿ, ಔಷಧಿ ಮಾತ್ರ ಪಡೆದವರಿಗಿಂತ ಸುಮಾರು 60 ಮೀಟರಿನಷ್ಟು ಹೆಚ್ಚಿನ ಸುಧಾರಣೆ ತೋರಿದರು. ಈ ಸಾಧನಕ್ಕೆ 2019ರ ಆಗಸ್ಟಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮನ್ನಣೆ ನೀಡಿತು. 2023ರಲ್ಲಿ ಬಂದ ದೀರ್ಘಾವಧಿಯ ಫಲಿತಾಂಶದಲ್ಲಿ, ಲಕ್ಷಣಗಳ ಸುಧಾರಣೆ ಉಳಿದುಬಂದಿತ್ತು. ಹೃದಯ ಸಂಬಂಧಿ ಸಾವು ಮತ್ತು ರೋಗ ಉಲ್ಬಣ ತಗ್ಗಿದ್ದಕ್ಕೆ ಖಚಿತ ಪುರಾವೆ ಸಿಗಲಿಲ್ಲ. ತಮಗೆ ಯಾವ ಚಿಕಿತ್ಸೆ ಎಂಬುದು ಈ ರೋಗಿಗಳಿಗೆ ತಿಳಿದಿತ್ತೆಂಬುದನ್ನೂ ನೀವು ಗಮನಿಸಬೇಕು.

ಇದೇಕೆ ಮುಖ್ಯ? 1959ರ ಒಂದು ಘಟನೆಯನ್ನು ಕೇಳಿ. ಎದೆಯ ಒಂದು ಅಪಧಮನಿಯನ್ನು ಕಟ್ಟಿದರೆ ಎದೆಸೆಳೆತ ಕಡಿಮೆಯಾಗುತ್ತದೆಂದು ಆಗ ನಂಬಿದ್ದರು. ಸಿಯಾಟಲ್‌ನ ಲೆನಾರ್ಡ್ ಕಾಬ್ ಮತ್ತು ಸಂಗಡಿಗರು 17 ರೋಗಿಗಳಲ್ಲಿ ಕೆಲವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದರು. ಅವರಿಗೂ ಉಳಿದವರಷ್ಟೇ ಗುಣ ಕಂಡಿತು! ಆ ಶಸ್ತ್ರಕ್ರಿಯೆ ಅಲ್ಲಿಗೆ ಮುಗಿಯಿತು.

ಮೂತ್ರಪಿಂಡದ ನರಗಳ ವಿಷಯದಲ್ಲೂ ಇದು ಮರುಕಳಿಸಿತು. ಅಪಧಮನಿಯೊಳಗೆ ಕ್ಯಾಥೆಟರ್ ತೂರಿಸಿ, ರೇಡಿಯೋ ಆವೃತ್ತಿಯ ವಿದ್ಯುತ್ತಿನಿಂದ ಈ ನರಗಳನ್ನು ಸುಟ್ಟರೆ ರಕ್ತದೊತ್ತಡ ಬಹಳ ಇಳಿಯುತ್ತದೆಂದು 2009ರಲ್ಲಿ ವರದಿಯಾಯಿತು. 2014ರಲ್ಲಿ 535 ರೋಗಿಗಳ ಪ್ರಯೋಗದಲ್ಲಿ ಸೋಗಿನ ಚಿಕಿತ್ಸೆಯೊಂದಿಗೆ ಹೋಲಿಸಿದಾಗ ಇಳಿತ 14.1 ಮಿಲಿಮೀಟರ್, ಸೋಗಿನ ಗುಂಪಿನಲ್ಲೂ 11.7! ಸಂಶೋಧಕರು ಕೈಚೆಲ್ಲಲಿಲ್ಲ. ಉಪಕರಣವನ್ನು ತಿದ್ದಿದರು, ಪ್ರಯೋಗವನ್ನು ಬಿಗಿಗೊಳಿಸಿದರು. 2023ರ ನವೆಂಬರಿನಲ್ಲಿ ಅಮೆರಿಕದಲ್ಲಿ ಇದಕ್ಕೆ ಮನ್ನಣೆ ದೊರೆಯಿತು. ಆದರೆ ಅದು ಅಧಿಕ ರಕ್ತದೊತ್ತಡಕ್ಕೆ, ಹೃದಯ ವೈಫಲ್ಯಕ್ಕಲ್ಲ. ಸ್ಮಿತ್‌ವಿಕ್ ಕತ್ತರಿಸುತ್ತಿದ್ದ ಅದೇ ಸ್ಪ್ಲಾಂಕ್ನಿಕ್ ನರವೂ ಮತ್ತೆ ಮುನ್ನೆಲೆಗೆ ಬಂದಿದೆ. ಹೊಟ್ಟೆಯ ಅಭಿಧಮನಿಗಳು ದೇಹದ ರಕ್ತದ ದೊಡ್ಡ ಉಗ್ರಾಣ. ನರ ಅವನ್ನು ಬಿಗಿದರೆ ಆ ರಕ್ತವೆಲ್ಲ ಸೋತ ಹೃದಯದ ಮೇಲೆ ಬೀಳುತ್ತದೆ. ಬಿಗಿತ ತಪ್ಪಿಸಲು ಕ್ಯಾಥೆಟರಿನಿಂದ ಆ ನರವನ್ನು ನಿಷ್ಕ್ರಿಯಗೊಳಿಸುವ ಪ್ರಯೋಗಗಳು ನಡೆದಿವೆ.

ನಮಗೇನು ಪಾಠ?

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹೃದಯ ವೈಫಲ್ಯದ ರೋಗಿಗಳು ಇರಬಹುದು. ನರಕ್ಕೆ ವಿದ್ಯುತ್ ಕೊಟ್ಟರೆ ಗುಣವಾಗುತ್ತದೆಯಂತೆ ಎಂದು ಅವರು ಕೇಳಿದರೆ ಏನು ಹೇಳುತ್ತೀರಿ? ಈ ರೋಗದಲ್ಲಿ ಆಯುಷ್ಯ ಹೆಚ್ಚಿಸುತ್ತವೆಂದು ದೊಡ್ಡ ಪ್ರಯೋಗಗಳು ರುಜುವಾತು ಮಾಡಿರುವುದು ಬೀಟಾ ತಡೆಮದ್ದೂ ಸೇರಿದಂತೆ ಕೆಲವು ಔಷಧಿಗಳನ್ನು, ಮತ್ತು ಆಯ್ದ ರೋಗಿಗಳಲ್ಲಿ ಕೆಲವು ಬಗೆಯ ಪೇಸ್‌ಮೇಕರ್‌ಗಳನ್ನು. ನರದ ಚಿಕಿತ್ಸೆ ಅವುಗಳ ಜೊತೆಗೆ ಸೇರಬಹುದಾದದ್ದೇ ಹೊರತು ಅವುಗಳ ಬದಲಿಗೆ ಅಲ್ಲ. ಮಾತ್ರೆ ಬಿಟ್ಟು ಸಾಧನದ ಹಿಂದೆ ಹೋಗುವುದು ಅಪಾಯ.

ತರಗತಿಯಲ್ಲಿ ಹೇಳಬೇಕಾದ ಮಾತೂ ಒಂದಿದೆ. ಇಲ್ಲಿ ಸೋತದ್ದು ಶರೀರವಿಜ್ಞಾನವಲ್ಲ. ವೆಬರ್ ಸೋದರರು ಕಂಡದ್ದು ಇಂದಿಗೂ ನಿಜ. ಸೋತ ಹೃದಯಕ್ಕೆ ಚಾಟಿಯೇಟು ಕೆಟ್ಟದ್ದೆಂಬುದನ್ನು ಬೀಟಾ ತಡೆಮದ್ದು ರುಜುವಾತು ಮಾಡಿತು. ಆದರೆ ತತ್ತ್ವ ಸರಿಯಿದ್ದ ಮಾತ್ರಕ್ಕೆ ಚಿಕಿತ್ಸೆ ಫಲಿಸುವುದಿಲ್ಲ. ಯಾವ ತಂತುವಿಗೆ, ಎಷ್ಟು ವಿದ್ಯುತ್, ಯಾವ ಆವೃತ್ತಿಯಲ್ಲಿ, ಯಾವ ರೋಗಿಗೆ ಎಂಬ ಪ್ರಶ್ನೆಗಳಿಗೆ ಅಳತೆಯಿಂದಲೇ ಉತ್ತರ ಸಿಗಬೇಕು. ಆ ಉತ್ತರ ಹೋಲಿಕೆಯ ಗುಂಪಿನೆದುರು ನಿಲ್ಲಬೇಕು. ಏಳು ರೋಗಿಗಳ ಫಲಿತಾಂಶ ಮುಂದೆ ಸಾವಿರಾರು ಜನರಲ್ಲಿ ನಿಜವಾದದ್ದುಂಟು. ಅರವತ್ತು ಜನರಲ್ಲಿ ಕಂಡ ಭರವಸೆ ಏಳುನೂರು ಜನರಲ್ಲಿ ಕರಗಿದ್ದೂ ಉಂಟು. ಯಾವುದು ಯಾವುದೆಂದು ಮುಂಚಿತವಾಗಿ ಹೇಳುವುದು ಯಾರಿಂದಲೂ ಆಗದು. ಆದ್ದರಿಂದಲೇ ಪ್ರಯೋಗ ಬೇಕು.

ಮುಂದಿನ ಬಾರಿ ಕಪ್ಪುಹಲಗೆಯ ಮೇಲೆ ಅಭಿವಾಹದ ಏಕಮಾನ ಬರೆಯುವಾಗ ಆ ಮೂವರು ಅಣ್ಣತಮ್ಮಂದಿರನ್ನು ವಿದ್ಯಾರ್ಥಿಗಳಿಗೆ ಪರಿಚಯಿಸಿ. ಒಬ್ಬ ಕಾಂತತ್ವವನ್ನು ಅಳೆದ. ಇನ್ನಿಬ್ಬರು ಕಾಂತದಿಂದ ಹುಟ್ಟಿದ ವಿದ್ಯುತ್ತಿನಿಂದ ಹೃದಯವನ್ನು ತಡೆದು ನಿಲ್ಲಿಸಿದರು. ಅವರು ಎತ್ತಿದ ಪ್ರಶ್ನೆಗೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ನಿಮ್ಮ ಮುಂದೆ ಕುಳಿತಿರುವವರಲ್ಲೇ ಯಾರಾದರೂ ಅದನ್ನು ಮುಂದುವರಿಸಬಹುದು.